ನಿಮ್ಮ ಎಮ್ಮೆಲ್ಲೆ ಏನು ಕಡಿದು ಕಟ್ಟೆ ಹಾಕಿದ್ರು?

ಒಬ್ಬ ಶಾಸಕರ ಬಳಿ ಐದು ವರ್ಷ ಪಿಎ ಆಗಿದ್ದೆ. ಆ ಕೆಲಸ ಬಿಟ್ಟು ಅದಕ್ಕಿಂತ ಹೆಚ್ಚು ಕಾಲವಾಯಿತು. ಆದರೂ ಮದುವೆಯಿರಲಿ, ತಿಥಿಯಿರಲಿ, ನಾನು ಎಲೆ ಮುಂದೆ ಕೂತರೆ ಸಾಕು, ಉಪ್ಪು ಬಡಿಸಿ ಪಲ್ಯ ಬರುವಷ್ಟರಲ್ಲಿ ಪಕ್ಕದವರಿಂದ ಅದೇ ಪ್ರಶ್ನೆ: “ಅಲ್ಲ ಸಾರ್, ಐದು ವರ್ಷ ನಿಮ್ಮ ಎಮ್ಮೆಲ್ಲೆ ಏನು ಕಡಿದು ಕಟ್ಟೆ ಹಾಕಿದ್ರು?”

ಇನ್ನು ಮೇಲೆ ಬಾಯಲ್ಲಿ ಹೇಳುವುದಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ. ಕೇಳಿದವರಿಗೆ ಲಿಂಕ್ ಕಳಿಸಿ ಊಟ ಮುಂದುವರಿಸುತ್ತೇನೆ. ಸಾಹೇಬರ ಹೆಸರು, ತಾಲೂಕು, ಪಕ್ಷ ಯಾವುದನ್ನೂ ಹೇಳುವುದಿಲ್ಲ. ಅವರು ಈಗಲೂ ಮದುವೆಗಳಲ್ಲಿ ಸಿಗುತ್ತಾರೆ. ಬಯಲುಸೀಮೆ ಅಂತ ಇಟ್ಟುಕೊಳ್ಳಿ.

ನೇರ ಉತ್ತರ ಬೇಕಾದವರಿಗೆ: ಕಟ್ಟೆ ಹಾಕಿದ್ದು ಎರಡು. ಎರಡೂ ಅರಳಿಕಟ್ಟೆ. ಕಡತದಲ್ಲಿ ‘ಸಾರ್ವಜನಿಕ ವಿಶ್ರಾಂತಿ ಕಟ್ಟೆ’ ಅಂತಿದೆ. ಒಂದರ ಗ್ರಾನೈಟ್ ಕಿತ್ತುಹೋಗಿದೆ. ಇಷ್ಟೇ ಸಾಕಾದರೆ ನೀವು ಹೊರಡಬಹುದು.

ಸಾಲದು ಅನ್ನುವವರಿಗೆ ಮೊನ್ನೆಯ ಬೀಗರೂಟದ ಕಥೆ ಹೇಳುತ್ತೇನೆ. ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗ ಒಬ್ಬ ನನ್ನ ಎಡಕ್ಕೆ ಕೂತಿದ್ದ. “ಏನಣ್ಣ, ನಿಮ್ಮ ಸಾಹೇಬ್ರು ನಮಗೇನು ಮಾಡಿದ್ರು?” ಅಂದ. ನನಗೆ ಮೈಯೆಲ್ಲ ಉರಿಯುವುದೇ ಆ ‘ನಮಗೆ’ ಕೇಳಿದಾಗ. “ನಮಗೆ ಅಂದ್ರೆ ಯಾರಿಗಪ್ಪ?” ಅಂತ ಕೇಳಿದೆ. “ನಮ್ಮ ಬೀದಿಗೆ” ಅಂದ ಅವನು. ಬಲಗಡೆ ಕೂತಿದ್ದ ಹಿರಿಯರು, ಅವನ ಸೋದರಮಾವನೇ ಇರಬೇಕು, ಅದೇ ಹೊತ್ತಿಗೆ “ನಮ್ಮ ಜನಾಂಗಕ್ಕೆ” ಅಂದರು. ಇಬ್ಬರೂ ನನ್ನ ತಲೆ ಮೇಲಿಂದ ಒಬ್ಬರನ್ನೊಬ್ಬರು ನೋಡಿಕೊಂಡರು. ಚರಂಡಿ, ಬೀದಿದೀಪ, ಕುಡಿಯುವ ನೀರು ಪಂಚಾಯಿತಿಯವರ ಕೆಲಸ, ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಬಂದು ಮೂರು ದಶಕ ಆಯ್ತು ಅಂತ ನಾನು ಇಬ್ಬರಿಗೂ ವಿವರಿಸುತ್ತಿದ್ದಾಗ ಮಟನ್ ಬಕೆಟ್ ನನ್ನ ಎಲೆ ದಾಟಿ ಮುಂದೆ ಹೋಯಿತು. ಬಡಿಸುವ ಹುಡುಗ ಹಿಂದಿರುಗಿ ಬರಲೇ ಇಲ್ಲ. ಈ ಬರಹದ ಹಿಂದಿರುವ ಸಿಟ್ಟು ಅರ್ಧ ಆ ಬಕೆಟ್‌ನದು.

ಹೋಗಲಿ, ಲೆಕ್ಕಕ್ಕೆ ಬರೋಣ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ಒಂದಿದೆ. ವರ್ಷಕ್ಕೆ 2 ಕೋಟಿ ರೂಪಾಯಿ. ಅದು ಸಾಹೇಬರ ಜೇಬಿಗೂ ಬರುವುದಿಲ್ಲ, ನನ್ನ ಟೇಬಲ್ಲಿಗೂ ಬರುವುದಿಲ್ಲ. ಜಿಲ್ಲಾಧಿಕಾರಿ ಖಾತೆಯಲ್ಲಿರುತ್ತದೆ. ಶಾಸಕರು ಇಂಥಿಂಥ ಕಾಮಗಾರಿ ಅಂತ ಪತ್ರ ಕೊಡಬೇಕು, ಎಸ್ಟಿಮೇಟ್ ಆಗಬೇಕು, ಲ್ಯಾಂಡ್ ಆರ್ಮಿಯವರೋ ನಿರ್ಮಿತಿ ಕೇಂದ್ರದವರೋ, ಅಂದರೆ ಕಾಮಗಾರಿ ಮಾಡುವ ಸಂಸ್ಥೆಯವರು, ಮಾಡಬೇಕು. ನಮ್ಮ ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಹಳ್ಳಿ. ಭಾಗಿಸಿ ನೋಡಿ. ಊರಿಗೆ ವರ್ಷಕ್ಕೆ ಒಂದು ಲಕ್ಷವೂ ಬೀಳುವುದಿಲ್ಲ. ಒಂದು ಲಕ್ಷಕ್ಕೆ ಸಿಸಿ ರಸ್ತೆ ಎಷ್ಟು ಉದ್ದ ಬರುತ್ತದೆ ಅಂತ ನಿಮ್ಮೂರಿನ ಕಂಟ್ರಾಕ್ಟರನ್ನು ಕೇಳಿ. ನಕ್ಕುಬಿಡುತ್ತಾನೆ. ಇದಲ್ಲದೆ ಇಲಾಖೆಗಳಿಂದ ವಿಶೇಷ ಅನುದಾನ ತರಬಹುದು. ಅದಕ್ಕೆ ಮಂತ್ರಿಗಳ ಮನೆ ಬಾಗಿಲು ಕಾಯಬೇಕು, ನಿಮ್ಮ ಪಕ್ಷದ ಸರ್ಕಾರವೇ ಇರಬೇಕು, ಇದ್ದರೂ ನೀವು ಸರಿಯಾದ ಬಣದಲ್ಲಿರಬೇಕು.

ಹಾಗಂತ ಸಾಹೇಬರು ಪಾಪ ಅಂತಲ್ಲ. ಆ 2 ಕೋಟಿ ಎಲ್ಲಿ ಹೋಗುತ್ತಿತ್ತು ಅಂತ ನಾನು ಕಣ್ಣಾರೆ ಕಂಡವನು.

ಒಂದು ದಿನ ಬೆಳಿಗ್ಗೆ ಏಳಕ್ಕೇ ಎರಡು ಟೆಂಪೋ ಬಂದು ನಿಂತವು. ನಲವತ್ತು ಜನ. ಮೈಸೂರು ಪೇಟ, ಶಾಲು, ಜೊತೆಗೆ ಇಬ್ಬರು ಹೊತ್ತು ತಂದ ಸೇಬಿನ ಹಾರ. ಸಾಹೇಬರು ಇನ್ನೂ ಬನಿಯನ್ನಲ್ಲಿದ್ದರು. ಅದರ ಮೇಲೇ ಹಾರ ಬಿತ್ತು. ಫೋಟೋ ಆಯ್ತು. ಆಮೇಲೆ ಮುಖಂಡರು ಗಂಟಲು ಸರಿಮಾಡಿಕೊಂಡು, “ಎದುರುಗಡೆ ಅವರಿಗೆ ಸಮುದಾಯ ಭವನ ಆಗಿದೆ, ನಮಗೆ ಆಗಿಲ್ಲ” ಅಂದರು. ಸಾಹೇಬರು ಸೇಬಿನ ಹಾರದೊಳಗಿಂದಲೇ ನನ್ನ ಕಡೆ ತಿರುಗಿ “ಹತ್ತು ಲಕ್ಷ ಬರ್ಕೊಳಯ್ಯ” ಅಂದರು. ಮೂರು ನಿಮಿಷದ ಕೆಲಸ. ಆ ಎದುರುಗಡೆಯವರೂ ಹಿಂದಿನ ವರ್ಷ ಹೀಗೇ ಬಂದಿದ್ದರು. ಅವರ ಹಾರ ಮೂಸಂಬಿಯದು.

ಈಗ ತಾಲೂಕು ಕೇಂದ್ರದ ಒಂದೇ ರಸ್ತೆಯಲ್ಲಿ ನಾಲ್ಕು ಸಮುದಾಯ ಭವನಗಳಿವೆ. ಎರಡಕ್ಕೆ ಚಾವಣಿ ಇಲ್ಲ, ಕಂಬಿ ಆಕಾಶ ನೋಡುತ್ತಿವೆ. ಶಾಸಕರು ಸಮುದಾಯಕ್ಕೆ ಆದ್ಯತೆ ಕೊಡಬೇಕು ಅಂತ ಭಾಷಣಗಳಲ್ಲಿ ಕೇಳುತ್ತೇವಲ್ಲ, ನಮ್ಮ ಕಡೆ ಅದನ್ನು ಅಕ್ಷರಶಃ ಪಾಲಿಸಿದ್ದೇವೆ. ಸಮುದಾಯ ಯಾವುದು ಅಂತ ಮಾತ್ರ ಕೇಳಬೇಡಿ.

ಇದನ್ನು ಹೇಳಿದರೆ ಕೆಲವರು “ಹಂಗಾದ್ರೆ ಅವರೂ ಕಳ್ಳರೇ ಅನ್ನಿ” ಅಂತಾರೆ, ಬೇರೆ ಕೆಲವರು “ನೀವು ಅವರ ಚೇಲಾ, ಸಮರ್ಥನೆ ಮಾಡ್ತೀರ” ಅಂತಾರೆ. ಒಂದೇ ಪಂಕ್ತಿಯಲ್ಲಿ ಎರಡೂ ಕೇಳಿದ್ದೇನೆ. ಸಂಬಳದ ವಿಷಯವೂ ಬರುತ್ತದೆ. 2025ರ ಮಾರ್ಚ್‌ನಲ್ಲಿ ವಿಧಾನಸಭೆಯ ಗದ್ದಲದ ನಡುವೆಯೇ ಮಸೂದೆ ಪಾಸಾಗಿ ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ನನ್ನನ್ನು ಯಾಕೆ ಬೈಯುತ್ತೀರಿ? ನಾನು ಆಗ ಅಲ್ಲಿರಲಿಲ್ಲ. ಇದ್ದಾಗಲೂ ನನಗೆ ಯಾರೂ ದುಪ್ಪಟ್ಟು ಮಾಡಲಿಲ್ಲ.

ನನ್ನ ತಕರಾರು ಬೇರೆ. 2 ಕೋಟಿಯ ಲೆಕ್ಕ ಎಲ್ಲರೂ ಕೇಳುತ್ತೀರಿ. ಆದರೆ ಇದೇ ಮನುಷ್ಯ ವರ್ಷಕ್ಕೊಮ್ಮೆ ವಿಧಾನಸೌಧದಲ್ಲಿ ಕೂತು ರಾಜ್ಯದ ಇಡೀ ಬಜೆಟ್‌ಗೆ ಕೈ ಎತ್ತುತ್ತಾರೆ. 2025-26ರ ಬಜೆಟ್ 4 ಲಕ್ಷದ 9 ಸಾವಿರ ಕೋಟಿಗೂ ಹೆಚ್ಚು. ಅದಕ್ಕೆ ಒಪ್ಪಿಗೆ ಕೊಡುವ 224 ಜನರಲ್ಲಿ ನಿಮ್ಮವರೂ ಒಬ್ಬರು. ಆವತ್ತು ಅವರು ಸದನದಲ್ಲಿದ್ದರಾ? ಬಾಯಿ ಬಿಟ್ಟರಾ? ಮಸೂದೆಯ ಒಂದು ಪುಟವನ್ನಾದರೂ ತಿರುವಿ ಹಾಕಿದರಾ? ಐದು ವರ್ಷದಲ್ಲಿ ಒಂದು ನರಪಿಳ್ಳೆಯೂ ನನ್ನನ್ನು ಇದನ್ನು ಕೇಳಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ 2005ರಲ್ಲಿ ನಮ್ಮ ಸದನವೇ ಕಾಯ್ದೆ ಮಾಡಿಕೊಂಡಿದೆ. ಹೆಚ್ಚಿನ ವರ್ಷಗಳಲ್ಲಿ ಅಷ್ಟು ದಿನ ನಡೆದಿಲ್ಲ. ಅದಕ್ಕೆ ಯಾರಾದರೂ ಟೆಂಪೋ ಮಾಡಿಕೊಂಡು ಬಂದಿದ್ದಾರಾ?

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಯಾವ ಊರಲ್ಲಿ ಬಸ್ ಶೆಲ್ಟರ್ ಕಟ್ಟಿಸಿದರು ಅಂತ ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರ ಜೊತೆ ನಿಂತರು, 1952ರ ಚುನಾವಣೆಯಲ್ಲಿ ಗೆದ್ದು ಸದನಕ್ಕೆ ಹೋದರು, ವಿರೋಧ ಪಕ್ಷದ ಬೆಂಚಿನಲ್ಲೇ ಕೂತು ಉಳುವವನಿಗೆ ಭೂಮಿ ಅಂತ ಕೂಗಿಕೊಂಡೇ ಇದ್ದರು. 1972ರಲ್ಲಿ ತೀರಿಕೊಂಡರು. ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಅಂದರೆ ಆ ಶಾಸಕರು ‘ಮಾಡಿದ ಕೆಲಸ’ ಅವರ ಕಣ್ಣೆದುರಿಗೆ ಆಗಲೇ ಇಲ್ಲ. ಇವತ್ತಿನ ಬೀಗರೂಟದಲ್ಲಿ ಕೂರಿಸಿದ್ದರೆ ಅವರಿಗೂ ಕೇಳುತ್ತಿದ್ದರು, ಏನು ಕಡಿದು ಕಟ್ಟೆ ಹಾಕಿದ್ರಿ ಅಂತ.

ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಜೀರ್ ಸಾಬರು ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡರಲ್ಲ ಅಂತ ನೀವು ಕೇಳಬಹುದು. ನಿಜ. ಆದರೆ ಅದೇ ಮನುಷ್ಯ ಹಠ ಹಿಡಿದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ತಂದು, 1987ರಲ್ಲಿ ಅವುಗಳಿಗೆ ಚುನಾವಣೆಯೂ ಆಯಿತು. ನಲ್ಲಿ, ಚರಂಡಿಗೆ ಎಮ್ಮೆಲ್ಲೆ ಮನೆ ಬಾಗಿಲಿಗೆ ಬರಬೇಡಿ, ನಿಮ್ಮೂರಲ್ಲೇ ಕೇಳಿ ಅಂತ. ಬೋರ್‌ವೆಲ್ ನೆನಪಿಟ್ಟುಕೊಂಡೆವು, ಮಿಕ್ಕಿದ್ದು ಮರೆತೆವು.

ಭಾಷಣ ಜಾಸ್ತಿ ಆಯ್ತು. ಇಷ್ಟು ಹೇಳಿದ್ದಕ್ಕೆ ಕಾರಣ ಒಬ್ಬ ತಾತ.

ಆತ ಸೋಮವಾರ ಸೋಮವಾರ ಬರುತ್ತಿದ್ದ. ಒಬ್ಬನೇ. ಹಾರ ಇಲ್ಲ, ಶಾಲು ಇಲ್ಲ. ಕಂಕುಳಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ 1999ರಲ್ಲಿ ಕೊಟ್ಟ ಫಾರಂ 53ರ (ಉಳುತ್ತಿರುವ ಸರ್ಕಾರಿ ಜಮೀನು ಮಂಜೂರು ಮಾಡಿ ಅಂತ ಕೇಳುವ ಅರ್ಜಿ) ಸ್ವೀಕೃತಿ, ಸರ್ಕಾರಿ ಜಮೀನು ಉತ್ತದ್ದಕ್ಕೆ ದಂಡ ಕಟ್ಟಿದ ರಸೀದಿಗಳು. ಮಡಿಕೆ ಬಿದ್ದ ಕಡೆ ಅಕ್ಷರ ಮಾಸಿ ಬಿಳಿ ಗೆರೆಯಾಗಿತ್ತು. ಎರಡು ಎಕರೆ ಬಗರ್‌ಹುಕುಂ ಜಮೀನು, ಅಂದರೆ ಅನುಮತಿಯಿಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನು. ಅವನ ಪ್ರಶ್ನೆ ಯಾವತ್ತೂ ಒಂದೇ: “ಸಭೆ ಯಾವಾಗ ಸ್ವಾಮಿ?”

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬಗರ್‌ಹುಕುಂ ಅರ್ಜಿ ತೀರ್ಮಾನಿಸುವ ತಾಲೂಕು ಸಮಿತಿಗೆ ಅಧ್ಯಕ್ಷರು ಶಾಸಕರೇ. ತಹಸೀಲ್ದಾರರು ಕಾರ್ಯದರ್ಶಿ. ಸಭೆ ಕರೆದರೆ ತಾನೇ ಅರ್ಜಿ ಮುಂದಕ್ಕೆ ಹೋಗುವುದು? ನಮ್ಮ ಸಾಹೇಬರು ಗುದ್ದಲಿ ಪೂಜೆ ಒಂದನ್ನೂ ತಪ್ಪಿಸಲಿಲ್ಲ, ಮದುವೆ ಮುಹೂರ್ತ ಒಂದನ್ನೂ ತಪ್ಪಿಸಲಿಲ್ಲ. ಈ ಸಭೆಗೆ ಮಾತ್ರ ದಿನ ಕೂಡಿ ಬರುತ್ತಿರಲಿಲ್ಲ. ಡೈರಿ ನೋಡಿಕೊಳ್ಳುತ್ತಿದ್ದವನು ನಾನು. “ಮುಂದಿನ ತಿಂಗಳು ತಾತ” ಅಂತ ಸುಳ್ಳು ಹೇಳುತ್ತಿದ್ದವನೂ ನಾನೇ.

ಅಧಿವೇಶನದ ದಿನಾಂಕ ಬಂತು. ಪ್ರಶ್ನೆ ಕೊಡಬೇಕು ಅಂತ ಸಾಹೇಬರು ನೆನಪಿಸಿಕೊಂಡರು. “ಏನಾದ್ರೂ ಬರಿಯಯ್ಯ, ನಾಲ್ಕೈದು ಹಾಕು” ಅಂದು ಸ್ನಾನಕ್ಕೆ ಹೋದರು. ಕುಡಿಯುವ ನೀರಿನದೊಂದು, ಶಾಲಾ ಕೊಠಡಿಯದೊಂದು ಬರೆದೆ. ಆಮೇಲೆ ಏನನ್ನಿಸಿತೋ, ಚುಕ್ಕೆ ಗುರುತಿಲ್ಲದ, ಅಂದರೆ ಬರಹದಲ್ಲೇ ಉತ್ತರ ಬರುವ, ಪ್ರಶ್ನೆಯೊಂದನ್ನು ಸೇರಿಸಿದೆ. ಕಂದಾಯ ಸಚಿವರಿಗೆ. (ಅ) ನಮ್ಮ ತಾಲೂಕಿನಲ್ಲಿ ನಮೂನೆ 53ರಲ್ಲಿ ಸ್ವೀಕೃತವಾದ ಅರ್ಜಿಗಳೆಷ್ಟು. (ಆ) ವಿಲೇವಾರಿಗೆ ಬಾಕಿ ಇರುವ ಅರ್ಜಿಗಳೆಷ್ಟು. (ಇ) ವಿಳಂಬಕ್ಕೆ ಕಾರಣಗಳೇನು? ಸಾಹೇಬರು ಟವೆಲ್ ಸುತ್ತಿಕೊಂಡೇ ಬಂದು ಎಲ್ಲದಕ್ಕೂ ಸಹಿ ಹಾಕಿದರು. ಓದಲಿಲ್ಲ. ಓದುವುದಿಲ್ಲ ಅಂತ ನನಗೆ ಗೊತ್ತಿತ್ತು.

‘ಎಲ್‌ಎಕ್ಯೂ’ (ವಿಧಾನಸಭೆಯ ಪ್ರಶ್ನೆ) ಬಂದಿದೆ ಅಂದರೆ ತಾಲೂಕು ಕಚೇರಿಯಲ್ಲಿ ಏನಾಗುತ್ತದೆ ಅಂತ ಹೊರಗಿನವರಿಗೆ ತಿಳಿಯದು. ಸದನಕ್ಕೆ ಹೋಗುವ ಉತ್ತರ, ಅಂಕಿ ತಪ್ಪಾಗುವ ಹಾಗಿಲ್ಲ. ರಾತ್ರಿ ಒಂಬತ್ತಕ್ಕೂ ಲೈಟು ಉರಿಯುತ್ತಿತ್ತು. ರೆಕಾರ್ಡ್ ರೂಮಿನ ಕಟ್ಟುಗಳು ಹೊರಗೆ ಬಂದು, ಧೂಳಿಗೆ ಕೇಸ್ ವರ್ಕರ್ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೂತಿದ್ದ. ತಾತನ ಅರ್ಜಿ ಸಿಕ್ಕಿದ್ದು ಬೇರೆ ಹೋಬಳಿಯ ಕಟ್ಟಿನಲ್ಲಿ.

ಉತ್ತರ ಬಂತು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. (ಅ)ಗೂ (ಆ)ಗೂ ಅನುಬಂಧ ಲಗತ್ತಿಸಿದ್ದರು. (ಇ)ಗೆ ಒಂದೇ ಸಾಲು: ‘ಸಮಿತಿಯ ಸಭೆಗಳು ನಡೆಯದೇ ಇರುವುದರಿಂದ ಅರ್ಜಿಗಳು ವಿಲೇವಾರಿಗೆ ಬಾಕಿ ಇರುತ್ತವೆ.’

ಸಾಹೇಬರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು. “ಸಮಿತಿ ಅಧ್ಯಕ್ಷ ಯಾರಯ್ಯ?” ಅಂದರು. “ತಾವೇ ಸಾರ್” ಅಂದೆ. “ಪ್ರಶ್ನೆ ಕೇಳಿದೋನು?” “ಅದೂ ತಾವೇ.” ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಗುಳ ಬರುತ್ತದೆ ಅಂತ ಕಾದೆ. “ಪೇಪರ್ನೋರಿಗೆ ಸಿಕ್ತಾ ಇದು?” ಅಂತ ಮಾತ್ರ ಕೇಳಿದರು. ಸಿಕ್ಕಿರಲಿಲ್ಲ. ಆದರೂ ಮುಂದಿನ ಶುಕ್ರವಾರಕ್ಕೇ ಸಭೆ ಹಾಕಿಸಿದರು. ಆ ತಿಂಗಳಲ್ಲಿ ಇನ್ನೊಂದು. ಅವತ್ತು ಸಂಜೆ ಏಳರವರೆಗೆ ಕೂತು, ಒಂದೊಂದು ಕಡತವನ್ನೂ ಓದಿಸಿ ಕೇಳಿದರು ಅನ್ನುವುದನ್ನೂ ಹೇಳಬೇಕು. ಆ ಹೊತ್ತಿಗೆ ನಾನು ಕಂಡ ಹಾಗೆ ಅವರು ನಿಜವಾದ ಶಾಸಕರಾಗಿದ್ದರು. ಹೊರಗೆ ಫ್ಲೆಕ್ಸ್ ಇರಲಿಲ್ಲ, ಹಾರ ಇರಲಿಲ್ಲ, ಫೋಟೋ ತೆಗೆಯುವವನೂ ಇರಲಿಲ್ಲ.

ಈ ಕೆಲಸವನ್ನು ಬೀಗರೂಟದಲ್ಲಿ ಯಾರಿಗೆ ಹೇಳಲಿ? ಸಿಸಿ ರಸ್ತೆಯಾದರೆ ಕಾಲಿಗೆ ಸಿಗುತ್ತದೆ. ಭವನವಾದರೆ, ಚಾವಣಿ ಇಲ್ಲದಿದ್ದರೂ, ಬಾಗಿಲ ಮೇಲೆ ಹೆಸರಿರುತ್ತದೆ. ಜಮೀನು ಮಂಜೂರಾದದ್ದಕ್ಕೆ ಕೊಡುವ ಸಾಗುವಳಿ ಚೀಟಿಯ ಮೇಲೆ ಇರುವುದು ತಹಸೀಲ್ದಾರರ ಸಹಿ. ಚೀಟಿ ಸಿಕ್ಕಿದವರಲ್ಲಿ ಎಷ್ಟೋ ಜನ ಮುಂದಿನ ಚುನಾವಣೆಯಲ್ಲಿ ಎದುರಾಳಿಗೆ ಹಾಕಿದರು ಅಂತ ನನ್ನ ಅಂದಾಜು. ಆ ಬೂತುಗಳಲ್ಲಿ ನಾವು ಸೋತೆವು. ಸೇಬಿನ ಹಾರದವರ ಬೂತಿನಲ್ಲೂ ಸೋತೆವು, ಅದು ಬೇರೆ.

ತಾತನಿಗೆ ಎರಡು ಎಕರೆಯಲ್ಲಿ 1 ಎಕರೆ 10 ಗುಂಟೆ ಮಂಜೂರಾಯಿತು. ಚೀಟಿ ತಗೊಂಡ ಮರು ಸೋಮವಾರವೇ ಬಂದ. ಕೈ ಮುಗಿಯಲು ಬಂದಿರಬೇಕು ಅಂದುಕೊಂಡು ನಾನು ಎದ್ದು ನಿಂತೆ, ಬೇಡ ಬೇಡ ಅನ್ನಲು ಬಾಯಿ ತೆರೆದೆ. ಅವನು ಕವರು ಬಿಚ್ಚಿ ಚೀಟಿ ಟೇಬಲ್ ಮೇಲಿಟ್ಟು, ಅಂಕಿಯ ಮೇಲೆ ಬೆರಳಿಟ್ಟ. “ಉಳಿದಿದ್ದು ಮೂವತ್ತು ಗುಂಟೆ?”

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಅದೇ ಸೀರೆ ಅಂಗಡಿ ಕವರು. ಸಾಹೇಬರು ಸೋತು ವರ್ಷಗಳಾದವು, ನಾನೀಗ ಪಿಎ ಅಲ್ಲ ಅಂತ ಅವನಿಗೂ ಗೊತ್ತು. ಬಸ್ಸು ಬರುವವರೆಗೆ ಪಕ್ಕದಲ್ಲಿ ನಿಂತಿದ್ದು, ಹತ್ತುವಾಗ ತಿರುಗಿ ಕೇಳಿದ: “ಮುಂದಿನ ಸಭೆ ಯಾವಾಗ ಸ್ವಾಮಿ?”