ಮೂರೂ ಎಲ್ಲಿವೆ ಮೇಡಂ?

ಮಂಗಳವಾರ ರಾತ್ರಿ ಫೋನಿನಲ್ಲಿ ಕೇಳಿದ ಒಂದು ಮಾತು, ಇವತ್ತು ಶನಿವಾರವಾದರೂ ಕಿವಿಯಿಂದ ಹೋಗಿಲ್ಲ.

2 ಗಂಟೆ 16 ನಿಮಿಷಕ್ಕೆ ಅಲರ್ಟ್ ಬಂತು. 12 ಡೇಟಾನೋಡ್ ಸತ್ತಿವೆ, ಅಂದರೆ ನಮ್ಮ ಡೇಟಾ ಇಡುವ 12 ಮಷಿನ್. ಒಂದೆರಡು ಸಾಯುವುದು ನಮಗೆ ಹೊಸದಲ್ಲ. ಡಿಸ್ಕ್ ಹೋಗುತ್ತದೆ, ಮೆಮೊರಿ ಕೆಡುತ್ತದೆ, ಬೆಳಿಗ್ಗೆ ನೋಡಿದರಾಯ್ತು ಅಂತ ಮಗ್ಗುಲು ಬದಲಿಸಿ ಮಲಗುತ್ತೇವೆ. ಒಟ್ಟಿಗೆ 12 ಅಂದರೆ ಬೇರೆ. ವೈಟ್‌ಫೀಲ್ಡ್ ಕಡೆಯ ಡೇಟಾ ಸೆಂಟರಿಗೆ ಫೋನ್ ಮಾಡಿದೆ. ರಾತ್ರಿ ಪಾಳಿಯಲ್ಲಿ ಅಣ್ಣ ಇದ್ದರು. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯೋದು. ಐವತ್ತು ದಾಟಿದವರು, ಮಾಲೂರಿನಿಂದ ರೈಲಿನಲ್ಲಿ ಬಂದು ಹೋಗುತ್ತಾರೆ. ನಾನು ಫೋನ್ ಮಾಡುವ ಹೊತ್ತಿಗೆ ಆಗಲೇ ರ್ಯಾಕ್ ಮುಂದೆ, ಅಂದರೆ ಮಷಿನ್‌ಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಬೀರುವಿನ ಮುಂದೆ, ನಿಂತಿದ್ದರು.

“3ನೇ ರ್ಯಾಕಿನ ಸ್ವಿಚ್ ಹೋಗಿದೆ ಮೇಡಂ. ಮಷಿನ್ ಎಲ್ಲಾ ಆನ್ ಇವೆ, ನೆಟ್‌ವರ್ಕ್ ಇಲ್ಲ. ಸ್ಪೇರ್ ಸ್ವಿಚ್ ತಂದು ಹಾಕ್ಬೇಕು. ಒಂದು ಗಂಟೆ ಆಗುತ್ತೆ.”

ಸ್ವಿಚ್ ಅಂದರೆ ಒಂದು ರ್ಯಾಕಿನ ಮಷಿನ್‌ಗಳನ್ನೆಲ್ಲ ನೆಟ್‌ವರ್ಕಿಗೆ ಸೇರಿಸುವ ಪೆಟ್ಟಿಗೆ. ನನಗೆ ಸಮಾಧಾನ ಆಯಿತು. “ಪರವಾಗಿಲ್ಲ ಅಣ್ಣ, ನಿಧಾನಕ್ಕೆ ಮಾಡಿ. ಪ್ರತಿಯೊಂದಕ್ಕೂ ಮೂರು ಕಾಪಿ ಇದೆ.”

“ಮೂರೂ ಎಲ್ಲಿವೆ ಮೇಡಂ?”

ಸುಮ್ನೆ ಕೇಳಿದರು. ಎದುರಿಗೆ 12 ಮಷಿನ್‌ಗಳ ನೆಟ್‌ವರ್ಕ್ ಲೈಟ್ ಆರಿಹೋಗಿತ್ತು, ಅದನ್ನು ನೋಡಿಕೊಂಡು ಕೇಳಿದರು. ನಾನು “ಬೇರೆ ಬೇರೆ ಮಷಿನ್‌ನಲ್ಲಿ” ಅಂದೆ. ಅವರು “ಬೇರೆ ರ್ಯಾಕಲ್ಲಾ?” ಅಂದರು. ನಾನು ಮಾತಾಡಲಿಲ್ಲ. ಲ್ಯಾಪ್‌ಟಾಪ್ ತೆರೆದೆ.

ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಇತ್ತು: ಸಿಗದ ಬ್ಲಾಕ್‌ಗಳು 25 ಸಾವಿರ ಚಿಲ್ಲರೆ.

ನಮ್ಮದು ಹಡೂಪ್‌ನ ಎಚ್‌ಡಿಎಫ್‌ಎಸ್, ಫೈಲ್‌ಗಳನ್ನು ಬಹಳ ಮಷಿನ್‌ಗಳಿಗೆ ಹಂಚಿ ಇಡುವ ವ್ಯವಸ್ಥೆ. 48 ಮಷಿನ್, 4 ರ್ಯಾಕ್, ಒಂದೊಂದರಲ್ಲಿ 12. ದೊಡ್ಡ ಫೈಲನ್ನು 128 ಎಂಬಿ ತುಂಡುಗಳಾಗಿ, ಅಂದರೆ ಬ್ಲಾಕ್‌ಗಳಾಗಿ, ಕತ್ತರಿಸಿ, ಪ್ರತಿ ತುಂಡನ್ನೂ ಮೂರು ಮಷಿನ್‌ಗಳಲ್ಲಿ ಇಡುತ್ತದೆ. ಯಾವ ತುಂಡು ಎಲ್ಲಿದೆ ಅನ್ನುವ ಲೆಕ್ಕ ನೇಮ್‌ನೋಡ್ ಹತ್ತಿರ. ಪ್ರತಿ ಮಷಿನ್ 3 ಸೆಕೆಂಡಿಗೊಮ್ಮೆ ‘ಬದುಕಿದ್ದೇನೆ’ ಅಂತ ಅದಕ್ಕೆ ಹೇಳುತ್ತಿರಬೇಕು. ಸದ್ದಿಲ್ಲದಿದ್ದರೆ ನೇಮ್‌ನೋಡ್ ತಕ್ಷಣ ಗಾಬರಿಯಾಗುವುದಿಲ್ಲ. 10 ನಿಮಿಷ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಸತ್ತಿದೆ ಅನ್ನುತ್ತದೆ. ಅಂದರೆ ಸ್ವಿಚ್ ಹೋಗಿದ್ದು 2.05ರ ಸುಮಾರಿಗೆ. ನನ್ನ ಫೋನ್ ಕೂಗುವ ಹತ್ತು ನಿಮಿಷ ಮೊದಲೇ ಅಣ್ಣನಿಗೆ ಗೊತ್ತಾಗಿತ್ತು, ಲೈಟ್ ನೋಡಿ.

ಈ ವ್ಯವಸ್ಥೆಗೆ ರ್ಯಾಕ್ ಅನ್ನುವುದು ಗೊತ್ತಿಲ್ಲ ಅಂತಲ್ಲ. ಮೊದಲ ಕಾಪಿ ಬರೆಯುವ ಮಷಿನ್‌ನಲ್ಲೇ, ಎರಡನೆಯದು ಬೇರೆ ರ್ಯಾಕಿನಲ್ಲಿ, ಮೂರನೆಯದು ಆ ಎರಡನೇ ರ್ಯಾಕಿನ ಇನ್ನೊಂದು ಮಷಿನ್‌ನಲ್ಲಿ. ಇದು ಅದರ ನಿಯಮ. ಮೂರು ಕಾಪಿಗೆ ಮೂರು ರ್ಯಾಕ್ ಯಾಕಿಲ್ಲ ಅಂದರೆ, ಬರೆಯುವಾಗ ರ್ಯಾಕ್‌ಗಳ ನಡುವಿನ ಓಡಾಟ ಒಂದು ಸಲಕ್ಕೇ ಮುಗಿಯಲಿ ಅಂತ. ತುಂಬಾ ಯೋಚಿಸಿ ಮಾಡಿದ ನಿಯಮ. ಆದರೆ ಯಾವ ಮಷಿನ್ ಯಾವ ರ್ಯಾಕಿನಲ್ಲಿದೆ ಅಂತ ನಾವು ಒಂದು ಸ್ಕ್ರಿಪ್ಟ್ ಬರೆದು ಹೇಳಬೇಕು. ಹೇಳದಿದ್ದರೆ ಎಲ್ಲವೂ ‘ಡಿಫಾಲ್ಟ್ ರ್ಯಾಕ್’ ಅನ್ನುವ ಒಂದೇ ರ್ಯಾಕಿನಲ್ಲಿವೆ ಅಂದುಕೊಳ್ಳುತ್ತದೆ. ಕೇಳುವುದಿಲ್ಲ, ಎಚ್ಚರಿಸುವುದಿಲ್ಲ.

ನಾವು ಹೇಳಿರಲಿಲ್ಲ. ಮೊದಲು 8 ಮಷಿನ್ ಇದ್ದಾಗ ಎಲ್ಲವೂ ನಿಜವಾಗಿಯೂ ಒಂದೇ ರ್ಯಾಕಿನಲ್ಲಿದ್ದವು, ಬೇಕಾಗಿರಲಿಲ್ಲ. ಬೆಳೆಯುತ್ತಾ ಬೆಳೆಯುತ್ತಾ 48 ಆಯಿತು. ಶುರುವಿನಲ್ಲಿ ಅದನ್ನು ಕಟ್ಟಿದ ಹುಡುಗ ಬೇರೆ ಕಂಪನಿಗೆ ಹೋಗಿ ಎಷ್ಟೋ ದಿನವಾಯಿತು. ಎಲ್ಲರೂ ಅವನ ಮೇಲೆ ಹಾಕಿದರು. ನನಗದು ಇಷ್ಟವಾಗಲಿಲ್ಲ. ಅವನು ಹೋದ ಮೇಲೆ 40 ಮಷಿನ್ ಸೇರಿಸಿದ್ದು ನಾವು. ಅದರಲ್ಲಿ 24 ಸೇರಿಸಿದ್ದು ನಾನೇ.

ಬ್ಲಾಕ್‌ಗಳು ಎಷ್ಟು ಕಾಣೆಯಾಗಬೇಕು ಅಂತ ಆ ರಾತ್ರಿಯೇ ಪೇಪರ್ ತಗೊಂಡು ಲೆಕ್ಕ ಹಾಕಿದೆ. ಮೂರು ಕಾಪಿಯೂ 3ನೇ ರ್ಯಾಕಿಗೇ ಬೀಳುವ ಸಾಧ್ಯತೆ: 48ರಲ್ಲಿ 12, ಆಮೇಲೆ 47ರಲ್ಲಿ 11, ಆಮೇಲೆ 46ರಲ್ಲಿ 10. ಗುಣಿಸಿದರೆ ನೂರಕ್ಕೆ 1.27. ನಮ್ಮಲ್ಲಿ ಸುಮಾರು 20 ಲಕ್ಷ ಬ್ಲಾಕ್ ಇವೆ. ಉತ್ತರ 25 ಸಾವಿರ ಚಿಲ್ಲರೆ. ಪರದೆಯ ಸಂಖ್ಯೆಗೂ ಪೇಪರಿನ ಸಂಖ್ಯೆಗೂ ಹತ್ತಿರ ಹತ್ತಿರ ತಾಳೆಯಾಯಿತು. ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ಇದು ದುರದೃಷ್ಟ ಆಗಿರಲಿಲ್ಲ. ಮೊದಲ ದಿನದಿಂದ ಹಾಗೇ ಇತ್ತು.

ನೂರಕ್ಕೆ ಒಂದು ಅಂದರೆ ಕಡಿಮೆ ಅನಿಸುತ್ತದೆ, ಅಲ್ವಾ? 12.5 ಜಿಬಿಯ ಒಂದು ಫೈಲ್ ತಗೊಳ್ಳಿ. ಅದರಲ್ಲಿ 100 ಬ್ಲಾಕ್ ಇರುತ್ತವೆ. ಒಂದು ಸಿಗದಿದ್ದರೂ ಆ ಫೈಲನ್ನು ಪೂರ್ತಿ ಓದಲು ಆಗುವುದಿಲ್ಲ. ಅಂಥ ನೂರು ಫೈಲ್‌ಗಳಲ್ಲಿ 72ರಲ್ಲಿ ಒಂದಾದರೂ ತೂತು ಇರುತ್ತದೆ. ಬೆಳಗಿನ ಜಾವದ ರಿಪೋರ್ಟ್‌ಗಳು ಒಂದರ ಹಿಂದೊಂದು ಯಾಕೆ ಬಿದ್ದವು ಅನ್ನುವುದು ಆಗ ತಿಳಿಯಿತು.

ಇನ್ನೊಂದು ಕಡೆ ನೇಮ್‌ನೋಡ್ ತನ್ನ ಕೆಲಸ ಶುರು ಮಾಡಿತ್ತು. ಕಾಪಿ ಕಡಿಮೆಯಾದ ಬ್ಲಾಕ್‌ಗಳನ್ನು ಉಳಿದ 36 ಮಷಿನ್‌ಗಳ ಮೇಲೆ ಮತ್ತೆ ಬರೆಯಿಸುವ ಕೆಲಸ. ಒಟ್ಟು ಡೇಟಾದ ಕಾಲು ಭಾಗ. ನೆಟ್‌ವರ್ಕ್ ತುಂಬಿ ತುಳುಕಿತು. 3.20ಕ್ಕೆ ಅಣ್ಣ ಹೊಸ ಸ್ವಿಚ್ ಹಾಕಿದರು. 12 ಮಷಿನ್ ಮತ್ತೆ ಮಾತಾಡಿದವು, ಕೆಂಪು ಸಂಖ್ಯೆ ಇಳಿಯುತ್ತಾ ಸೊನ್ನೆಗೆ ಬಂತು. ಒಂದು ಬೈಟ್ ಕೂಡ ಹೋಗಲಿಲ್ಲ. ರಿಪೋರ್ಟ್ ತಡವಾಯಿತು ಅಷ್ಟೇ.

ಬುಧವಾರ ಮೀಟಿಂಗ್. ನಮ್ಮ ಮ್ಯಾನೇಜರ್ ಒಳ್ಳೆಯವರು, ಯಾರ ಮೇಲೂ ಕೂಗಾಡುವವರಲ್ಲ. ಆದರೆ ಮುಕ್ಕಾಲು ಗಂಟೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಸ್ವಿಚ್ ಯಾಕೆ ಹಾಳಾಯಿತು? ಎಷ್ಟು ವರ್ಷದ್ದು? ವಾರಂಟಿ ಇತ್ತಾ? ಸ್ವಿಚ್ ಹಾಳಾಗುತ್ತದೆ, ಅದು ಸ್ವಿಚ್. 2003ರಲ್ಲಿ ಸಂಜಯ್ ಘೆಮಾವತ್, ಹೊವಾರ್ಡ್ ಗೋಬಿಯಾಫ್, ಶುನ್‌-ಟಾಕ್ ಲ್ಯೂಂಗ್ ಸೇರಿ ಗೂಗಲ್ ಫೈಲ್ ಸಿಸ್ಟಮ್ ಬಗ್ಗೆ ಬರೆದ ಪೇಪರ್ ಶುರುವಾಗುವುದೇ ಅಲ್ಲಿಂದ. ಭಾಗಗಳು ಕೆಡುವುದು ಮಾಮೂಲಿ ಅಂತ ಒಪ್ಪಿಕೊಂಡೇ ಕಟ್ಟಬೇಕು ಅನ್ನುತ್ತಾರೆ. ಕಾಪಿಗಳನ್ನು ಬೇರೆ ಬೇರೆ ಮಷಿನ್‌ಗೆ ಹಂಚಿದರೆ ಸಾಲದು, ಬೇರೆ ಬೇರೆ ರ್ಯಾಕಿಗೂ ಹಂಚಬೇಕು ಅಂತಲೂ ಅದರಲ್ಲಿದೆ. ಹಡೂಪ್ ಹುಟ್ಟಿದ್ದೇ ಆ ಪೇಪರ್ ನೋಡಿ. ಇಂಟರ್‌ವ್ಯೂಗೆ ಬರುವ ಮಕ್ಕಳನ್ನು ನಾನೇ ಅದರ ಬಗ್ಗೆ ಕೇಳಿದ್ದೇನೆ.

ಇನ್ನೊಬ್ಬ ಸಹೋದ್ಯೋಗಿ, “ಕ್ಲೌಡ್‌ಗೆ ಹೋಗೋಣ, ಈ ತಲೆನೋವೇ ಬೇಡ” ಅಂದ. ಹೋಗಬಹುದು. ಅಮೆಜಾನ್‌ನ ಸ್ಟೋರೇಜ್ ಸೇವೆ ಎಸ್3 ತನ್ನ ಸಾಮಾನ್ಯ ದರ್ಜೆಯಲ್ಲಿ ಡೇಟಾವನ್ನು ಕನಿಷ್ಠ ಮೂರು ಅವೈಲಬಿಲಿಟಿ ಝೋನ್‌ಗಳಿಗೆ, ಅಂದರೆ ಬೇರೆ ಬೇರೆ ಡೇಟಾ ಸೆಂಟರ್ ಗುಂಪುಗಳಿಗೆ, ಹಂಚುತ್ತದೆ. ಅಂದರೆ ಅಲ್ಲಿ ಯಾರೋ ಕೂತು, ಮೂರೂ ಎಲ್ಲಿವೆ ಅಂತ ಕೇಳಿಕೊಂಡೇ ಕಟ್ಟಿದ್ದಾರೆ. ಬೆಂಗಳೂರಿನಲ್ಲೇ ಬಹಳಷ್ಟು ಕೆಲಸ ನಡೆದ ಗ್ಲಸ್ಟರ್‌ಎಫ್‌ಎಸ್ ನೋಡಿ, ಅದೂ ಇಂಥದ್ದೇ ಫೈಲ್ ವ್ಯವಸ್ಥೆ. ಒಂದೇ ಸರ್ವರಿನ ಎರಡು ಜಾಗಗಳನ್ನು ಕಾಪಿಗೆ ಕೊಟ್ಟರೆ ಅದು ಅಲ್ಲೇ ತಡೆದು ಎಚ್ಚರಿಸುತ್ತದೆ, ಬಲವಂತ ಮಾಡಿದರೆ ಮಾತ್ರ ಮುಂದೆ ಹೋಗುತ್ತದೆ. ಸೆಫ್ ಅನ್ನುವ ಇನ್ನೊಂದು ವ್ಯವಸ್ಥೆಯಲ್ಲಿ ಮಷಿನ್, ರ್ಯಾಕ್, ರ್ಯಾಕ್‌ಗಳ ಸಾಲು ಹೀಗೆ ಯಾವ ಮಟ್ಟದಲ್ಲಿ ಬೇರೆ ಇರಬೇಕು ಅಂತ ನಾವೇ ಬರೆಯುತ್ತೇವೆ. ಎಲ್ಲರೂ ಅದೇ ಪ್ರಶ್ನೆಯ ಸುತ್ತ ಕಟ್ಟಿದ್ದಾರೆ. ನಾನು ಮಾತ್ರ ‘ಮೂರು’ ಅನ್ನುವ ಸಂಖ್ಯೆ ಕೇಳಿ ನಿದ್ದೆ ಮಾಡುತ್ತಿದ್ದೆ.

ಗುರುವಾರ ನಾನೇ ಡೇಟಾ ಸೆಂಟರಿಗೆ ಹೋದೆ. ಸ್ಕ್ರಿಪ್ಟ್ ಬರೆಯಲು ಯಾವ ಮಷಿನ್ ಎಲ್ಲಿದೆ ಅಂತ ಬೇಕಲ್ಲ. ಆಫೀಸಿನಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು. ಅಣ್ಣ ಅದನ್ನು ನೋಡಿ, “ಇದು ಹಳೇದು ಮೇಡಂ, ಬನ್ನಿ” ಅಂತ ಕರೆದುಕೊಂಡು ಹೋದರು. ಒಂದೊಂದೇ ರ್ಯಾಕ್, ಮೇಲಿನಿಂದ ಕೆಳಗೆ. “17 ಇಲ್ಲಿಲ್ಲ, ಫ್ಯಾನ್ ಸದ್ದು ಮಾಡ್ತಿತ್ತು, ಎರಡು ವರ್ಷದ ಹಿಂದೆ 4ಕ್ಕೆ ಹಾಕ್ದೆ. 31ರ ಸ್ಟಿಕ್ಕರ್ ತಪ್ಪು, ಅದು 13.” ಹೀಗೆ 9 ಕಡೆ ಶೀಟ್ ತಪ್ಪಿತ್ತು. ಆ ಶೀಟ್ ನೋಡಿ ಸ್ಕ್ರಿಪ್ಟ್ ಬರೆದಿದ್ದರೆ ವ್ಯವಸ್ಥೆ ಪೂರ್ತಿ ನಂಬಿಕೆಯಿಂದ ತಪ್ಪು ರ್ಯಾಕಿಗೆ ಕಾಪಿ ಕಳಿಸುತ್ತಿತ್ತು.

1ನೇ ರ್ಯಾಕ್ ಮುಂದೆ ನಿಂತಾಗ ಕೈ ನಡುಗಿತು. ಎರಡು ನೇಮ್‌ನೋಡ್ ಇವೆ ನಮ್ಮಲ್ಲಿ, ಒಂದು ಹೋದರೆ ಇನ್ನೊಂದು ಅಂತ. ಎರಡೂ ಅದೇ ರ್ಯಾಕಿನಲ್ಲಿ, ಒಂದರ ಮೇಲೊಂದು. ಬದಲಾವಣೆಗಳನ್ನು ಬರೆದಿಡುವ ಜರ್ನಲ್‌ನೋಡ್ 3 ಇವೆ, 2 ಒಪ್ಪಿದರೆ ಮಾತ್ರ ಬರಹ ನಡೆಯುತ್ತದೆ. ಆ ಮೂರರಲ್ಲಿ 2 ಕೂಡ ಅಲ್ಲೇ. ಮಂಗಳವಾರ 3ರ ಬದಲು 1ನೇ ರ್ಯಾಕಿನ ಸ್ವಿಚ್ ಹೋಗಿದ್ದರೆ, 25 ಸಾವಿರ ಅಲ್ಲ, 20 ಲಕ್ಷ ಬ್ಲಾಕ್‌ಗಳಲ್ಲಿ ಒಂದೂ ಸಿಗುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣನನ್ನು ಕೇಳಿದೆ, ಇದನ್ನೆಲ್ಲ ಎಲ್ಲಾದರೂ ಬರೆದಿಟ್ಟಿದ್ದೀರಾ ಅಂತ. “ಯಾರೂ ಕೇಳಿಲ್ಲ ಮೇಡಂ. ತಲೇಲಿದೆ.” ಆಮೇಲೆ ತಟ್ಟೆ ನೋಡುತ್ತಾ ಹೇಳಿದರು, “ಮುಂದಿನ ತಿಂಗಳು ಏಜೆನ್ಸಿ ಬದಲಾಗುತ್ತೆ. ಹೊಸಬರು ನಮ್ಮನ್ನ ಇಟ್ಕೋತಾರೋ ಇಲ್ವೋ ಗೊತ್ತಿಲ್ಲ.”

ಊಟ ಗಂಟಲಲ್ಲಿ ಇಳಿಯಲಿಲ್ಲ. ಡೇಟಾಗೆ ಮೂರು ಕಾಪಿ ಇಟ್ಟಿದ್ದೇವೆ. ಅದು ಎಲ್ಲಿದೆ ಅನ್ನುವ ತಿಳಿವಳಿಕೆಗೆ ಒಂದೇ ಕಾಪಿ, ಅದು ತಿಂಗಳ ಗುತ್ತಿಗೆಯ ಮೇಲೆ ನಿಂತಿದೆ. ಘಟನೆಯ ವರದಿಯಲ್ಲಿ ಅಣ್ಣನ ಬಗ್ಗೆ ಇದ್ದದ್ದು ‘ಸೈಟ್ ಸಿಬ್ಬಂದಿ ಸ್ವಿಚ್ ಬದಲಿಸಿದರು’ ಅಂತ ಒಂದೇ ಸಾಲು. ಸರಿಯಾದ ಪ್ರಶ್ನೆ ಕೇಳಿದ ಒಬ್ಬರೇ ಒಬ್ಬರು ಅವರು. ನಾನು ಆ ಸಾಲು ತೆಗೆದು, ಅವರ ಹೆಸರು ಹಾಕಿ, ಅವರು ಕೇಳಿದ ಪ್ರಶ್ನೆಯನ್ನು ಹಾಗೇ ಬರೆದೆ. ಅವರನ್ನು ನಮ್ಮ ಟೀಮಿಗೇ ಕಾಯಂ ಆಗಿ ತಗೊಳ್ಳಿ ಅಂತ ಮ್ಯಾನೇಜರ್‌ಗೆ ಬೇರೆ ಮೇಲ್ ಹಾಕಿದೆ.

ನಿನ್ನೆ ರಾತ್ರಿ ಹೊಸ ಸ್ಕ್ರಿಪ್ಟ್ ಹಾಕಿ ನೇಮ್‌ನೋಡ್‌ಗಳನ್ನು ಮರುಚಾಲನೆ ಮಾಡಿದೆವು. 99.9 ಶೇಕಡಾ ಬ್ಲಾಕ್‌ಗಳ ವರದಿ ಬರುವ ತನಕ ಅದು ಸೇಫ್ ಮೋಡ್‌ನಲ್ಲೇ ಇರುತ್ತದೆ, ಯಾರಿಗೂ ಬರೆಯಲು ಬಿಡುವುದಿಲ್ಲ. ಅಣ್ಣ ಪಾಳಿ ಮುಗಿದರೂ ಹೋಗದೆ ನಿಂತಿದ್ದರು. ಅದು ಹೊರಬಂದ ಮೇಲೆ ಚೆಕ್ ಓಡಿಸಿದೆ. ಮೂರೂ ಒಂದೇ ರ್ಯಾಕಿನಲ್ಲಿ ಕೂತ ಬ್ಲಾಕ್‌ಗಳು ಒಂದು ಲಕ್ಷ ದಾಟಿದ್ದವು, ನಾಲ್ಕು ರ್ಯಾಕೂ ಸೇರಿ. ಇಪ್ಪತ್ತಕ್ಕೆ ಒಂದು. ಈಗ ಒಂದೊಂದಾಗಿ ಬೇರೆ ರ್ಯಾಕಿಗೆ ಹೋಗುತ್ತಿವೆ. ಒಂದು ನೇಮ್‌ನೋಡನ್ನು ಮುಂದಿನ ವಾರ 4ನೇ ರ್ಯಾಕಿಗೆ ಒಯ್ಯುತ್ತೇವೆ.

ಇದನ್ನು ಬರೆಯುವಾಗ ಪಕ್ಕದ ಪರದೆಯಲ್ಲಿ 38 ಸಾವಿರ ಉಳಿದಿದೆ. ಮೇಲ್‌ಗೆ ಉತ್ತರ ಬಂದಿಲ್ಲ. ಸೋಮವಾರ ಬೆಳಿಗ್ಗೆ ನಾನೇ ಹೋಗಿ ಕೇಳುತ್ತೇನೆ.