ಹಿನ್ನೀರಿನ ಬೋಟಿಗೆ ಬ್ಯಾಟರಿ ಮೋಟರ್: ಲೆಕ್ಕ ಮೊದಲು, ಖರೀದಿ ಆಮೇಲೆ

ಆಲಮಟ್ಟಿ ಹಿನ್ನೀರಲ್ಲೋ ಹಿಡಕಲ್ ಜಲಾಶಯದಲ್ಲೋ ಓಡುವ ಸಣ್ಣ ಬೋಟಿನ ಪೆಟ್ರೋಲ್ ಔಟ್‌ಬೋರ್ಡ್ (ಹಿಂಬದಿಗೆ ತಗುಲಿಸುವ ಎಂಜಿನ್) ಇಳಿಸಿ ಬ್ಯಾಟರಿ ಮೋಟರ್ ಕೂಡಿಸುವವರು ಮೊದಲು ಎಚ್‌ಪಿ ಕೇಳುತ್ತಾರೆ. ಎಷ್ಟು ವೇಗದಲ್ಲಿ ಎಷ್ಟು ದೂರ ಹೋಗಬೇಕು ಅನ್ನುವುದು ಗೊತ್ತಾದರೆ ಎಚ್‌ಪಿ ತಾನಾಗಿಯೇ ಸಿಗುತ್ತದೆ.

ನೀರು ಸೀಳಿಕೊಂಡು ನಿಧಾನ ಸಾಗುವ ಬೋಟಿಗೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದಷ್ಟು ಏರುತ್ತದೆ. ಗಂಟೆಗೆ 5 ಕಿ.ಮೀ.ಗೆ 1 ಕಿಲೋವ್ಯಾಟ್ ಎಳೆಯುವ ಬೋಟು 7 ಕಿ.ಮೀ.ಗೆ 2.7 ಕಿಲೋವ್ಯಾಟ್ ಕೇಳುತ್ತದೆ. 51.2 ವೋಲ್ಟ್, 100 ಆಂಪಿಯರ್-ಅವರ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಿರುವುದು 5.12 ಯೂನಿಟ್ (ಕಿಲೋವ್ಯಾಟ್-ಅವರ್). ಶೇ 80 ಬಳಸಿದರೆ ಮೊದಲ ವೇಗದಲ್ಲಿ 20 ಕಿ.ಮೀ., ಎರಡನೆಯದರಲ್ಲಿ 10 ಚಿಲ್ಲರೆ. ಮುಂಗಾರಿನ ಪಡುಗಾಳಿ ಬೆನ್ನಿಗಿದ್ದರೆ ದೂರ ಹೋದದ್ದೇ ತಿಳಿಯುವುದಿಲ್ಲ, ತಿರುಗಿ ಬರುವಾಗ ಅದೇ ಗಾಳಿ ಎದುರು. ಹೋಗಲು ಚಾರ್ಜಿನ ಮೂರರಲ್ಲೊಂದು ಪಾಲು ಮಾತ್ರ ಖರ್ಚು ಮಾಡಿ.

ಮನೆಯ ಇನ್ವರ್ಟರಿಗೆ ಹಾಕುವಂಥ ಟ್ಯೂಬ್ಯುಲರ್ (ಸೀಸ-ಆಮ್ಲದ) ಬ್ಯಾಟರಿ ಅಗ್ಗ, ಆದರೆ ಅರ್ಧಕ್ಕಿಂತ ಕೆಳಗಿಳಿಸಿದರೆ ಬೇಗ ಹಾಳಾಗುತ್ತದೆ, ತೂಕವೂ ಬಹಳ. ಬೋಟಿಗೆ ಬೇಡ.

ನಡುನೀರಲ್ಲಿ ಮೋಟರ್ ಫಕ್ಕನೆ ನಿಂತರೆ ಹೆಚ್ಚಿನ ಸಲ ತಪ್ಪು ಮೋಟರಿನದಲ್ಲ, ಬಿಎಂಎಸ್‌ನದು (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್). 100 ಆಂಪಿಯರ್ ಬಿಎಂಎಸ್ ಮೇಲೆ 5 ಕಿಲೋವ್ಯಾಟ್ ಮೋಟರ್ ಕೂಡಿಸಿದರೆ ಫುಲ್ ಥ್ರಾಟಲ್‌ನಲ್ಲಿ ಕರೆಂಟ್ ಮಿತಿ ಮುಟ್ಟುತ್ತದೆ, ಬಿಎಂಎಸ್ ಇಡೀ ಬ್ಯಾಟರಿಯನ್ನೇ ಕಡಿದುಬಿಡುತ್ತದೆ. ಕೆಲವು ಬಿಎಂಎಸ್ ಚಾರ್ಜರ್ ಹಚ್ಚುವವರೆಗೆ ಎಚ್ಚರವಾಗುವುದೇ ಇಲ್ಲ. ಮೋಟರಿನ ಓಟ ನಿಯಂತ್ರಿಸುವ ಕಂಟ್ರೋಲರ್‌ನಲ್ಲಿ ಬ್ಯಾಟರಿ ಕರೆಂಟನ್ನು 80 ಆಂಪಿಯರ್‌ಗೆ ಕಟ್ಟಿಹಾಕಿ. ಏನೇ ಆದರೂ ಎರಡು ಹುಟ್ಟು, ಎಲ್ಲರಿಗೂ ಲೈಫ್ ಜಾಕೆಟ್ ಬೋಟಿನಲ್ಲಿರಲಿ.

ಕೇಬಲ್‌ನಲ್ಲಿ ಉಳಿತಾಯ ಬೇಡವೇ ಬೇಡ. ಬ್ಯಾಟರಿಯಿಂದ ಮೋಟರಿಗೆ 4 ಮೀಟರ್ ಅಂದರೆ ಹೋಗಿಬರುವ ತಾಮ್ರ 8 ಮೀಟರ್. 100 ಆಂಪಿಯರ್‌ಗೆ 16 ಚದರ ಮಿ.ಮೀ. ಕೇಬಲ್ ಸುಮಾರು 88 ವ್ಯಾಟ್ ಬರೀ ಬಿಸಿಯಾಗಿ ಕಳೆಯುತ್ತದೆ, 35 ಚದರ ಮಿ.ಮೀ.ನದು 40 ವ್ಯಾಟ್. ತವರ ಲೇಪಿಸಿದ ತಾಮ್ರವೇ ಇರಲಿ, ಲಗ್‌ಗಳನ್ನು (ಕೇಬಲ್ ತುದಿಯ ಲೋಹದ ಕೊಂಡಿ) ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸಿ. ಬ್ಯಾಟರಿಯ ಪ್ಲಸ್ ತುದಿಗೆ ಒಂದು ಗೇಣಿನೊಳಗೆ ಕ್ಲಾಸ್-ಟಿ ಫ್ಯೂಸ್ ಹಾಕಿ. ಎಲ್‌ಎಫ್‌ಪಿ ಶಾರ್ಟ್ ಆದರೆ ಹರಿಯುವ ಸಾವಿರಾರು ಆಂಪಿಯರ್ ತಡೆಯುವುದು ಕಾರಿನ ಫ್ಯೂಸಿನ ಕೈಲಿ ಆಗದು.

ನಮ್ಮ ಕಡೆಯ ನಿಜವಾದ ಶತ್ರು ಬಿಸಿಲು. ಸಾಮಾನ್ಯವಾಗಿ ಎಲ್‌ಎಫ್‌ಪಿ ಸೆಲ್ಲಿನ ಚಾರ್ಜಿಂಗ್ ಮಿತಿ 45 ಡಿಗ್ರಿ. ಬಾಗಲಕೋಟೆಯ ಏಪ್ರಿಲ್‌ನಲ್ಲಿ ಗಾಳಿಯೇ 40 ದಾಟುತ್ತದೆ, ಸೀಟಿನ ಕೆಳಗಿನ ಫೈಬರ್ ಪೆಟ್ಟಿಗೆ ಇನ್ನೂ ಕಾಯುತ್ತದೆ. ಮಧ್ಯಾಹ್ನ ದಡಕ್ಕೆ ಬಂದ ಕೂಡಲೇ ಚಾರ್ಜಿಗೆ ಹಾಕದೆ ರಾತ್ರಿ ಹಾಕಿ. 51.2 ವೋಲ್ಟ್ ಬ್ಯಾಟರಿಯ 16 ಸೆಲ್‌ಗೆ ಚಾರ್ಜಿಂಗ್ ವೋಲ್ಟೇಜ್ 58.4 ಗರಿಷ್ಠ, ದಿನನಿತ್ಯಕ್ಕೆ 56 ಸಾಕು.

ಸಿಹಿನೀರಾದ್ದರಿಂದ ಆನೋಡ್ (ಮೋಟರಿನ ಬದಲು ತಾನು ಸವೆಯುವ ಲೋಹದ ತುಂಡು) ಮೆಗ್ನೀಸಿಯಂದೇ ಹಾಕಿಸಿ, ಸತುವಿನದು ಉಪ್ಪುನೀರಿಗೆ. ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಊರುಗಳ ಗೋಡೆ, ಮರದ ಬೊಡ್ಡೆ ಮೇಲೆ ಬರುತ್ತವೆ, ಬಿಡಿ ಪ್ರೊಪೆಲ್ಲರ್ ಒಂದು ಜೊತೆಗಿರಲಿ.

ಎಲ್ಲ ಜೋಡಿಸಿದ ಮೇಲೆ ಬೋಟನ್ನು ದಡಕ್ಕೆ ಬಿಗಿದು ಹತ್ತು ನಿಮಿಷ ಲೋಡ್ ಕೊಟ್ಟು, ಇನ್ಫ್ರಾರೆಡ್ ಥರ್ಮಾಮೀಟರ್‌ನಿಂದ ಪ್ರತಿ ಲಗ್ ನೋಡಿ. ಯಾವುದಾದರೂ ಲಗ್ ಪಕ್ಕದ್ದಕ್ಕಿಂತ ಹೆಚ್ಚು ಕಾದಿದ್ದರೆ ಬೋಲ್ಟ್ ಸಡಿಲ ಅಥವಾ ಕ್ರಿಂಪ್ ಕೆಟ್ಟಿದೆ. ಸ್ವಿಚ್ ಆಫ್ ಮಾಡಿ, ಬಿಚ್ಚಿ ಮತ್ತೆ ಮಾಡಿ.