ಮತ್ತೆ ಹೆಣ್ಣು ಕೋಗಿಲೆ

12 ಏಪ್ರಿಲ್ 2025, ಶನಿವಾರ ರಾತ್ರಿ

ಇವತ್ತು ಇಡೀ ದಿನ ವಾಟ್ಸಾಪ್ ಹಕ್ಕಿ ಗ್ರೂಪಿನ ಗಲಾಟೇಲೇ ಕಳೀತು. ಅತ್ತೇನ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ, ಅಲ್ಲಿ ಕ್ಯೂನಲ್ಲಿ ಕೂತು ನೋಡ್ತಿದ್ದಿದ್ದೂ ಅದನ್ನೇ. ಅತ್ತೆ ಎರಡು ಸಲ "ಯಾರು ಹೋಗ್ಬಿಟ್ರು?" ಅಂತ ಕೇಳಿದ್ರು, ನನ್ನ ಮುಖ ಹಾಗಿತ್ತಂತೆ.

ಆಗಿದ್ದು ಇಷ್ಟು. ನಂಜನಗೂಡು ಕಡೆಯೋರೊಬ್ರು, ಈ ವಾರ ಸೇರಿದೋರು, ಬೆಳಗ್ಗೆ ಒಂದು ಫೋಟೋ ಹಾಕಿದ್ರು. ಸೀಬೆ ಮರದ ಎಲೆ ಸಂದೀಲಿ ಕಂದು ಬಣ್ಣದ್ದೊಂದು ಹಕ್ಕಿ, ಬೆನ್ನ ತುಂಬ ಬಿಳಿ ಚುಕ್ಕೆ, ಹೊಟ್ಟೆ ಮೇಲೆ ಅಡ್ಡಡ್ಡ ಪಟ್ಟೆ, ಉದ್ದ ಬಾಲ. ಫೋಕಸ್ಸೆಲ್ಲ ಎಲೆ ಮೇಲೆ. ಕೆಳಗೆ "ಸರ್ ಇದು ಯಾವ ಹಕ್ಕಿ? ಗಿಡುಗದ ಮರಿನಾ? ನಮ್ಮ ಮನೇಲಿ ಕೋಳಿಮರಿ ಇದೆ" ಅಂತ. ನಮ್ಮ ಗ್ರೂಪಲ್ಲಿ ಸ್ವಲ್ಪ ಹಳಬರಾದ ಯಾರಿಗಾದ್ರೂ ಅದು ಹೆಣ್ಣು ಕೋಗಿಲೆ ಅಂತ ಅರ್ಧ ಫೋಟೋ ನೋಡಿದ್ರೂ ಗೊತ್ತಾಗತ್ತೆ. ಗಂಡು ಕೋಗಿಲೆ ಎಲ್ಲರಿಗೂ ಗೊತ್ತು, ಮಿರಮಿರ ಕಪ್ಪು, ಕೆಂಪು ಕಣ್ಣು, ಯುಗಾದಿ ಹೊತ್ತಿಗೆ ಬೆಳಗಿನ ಜಾವ ನಾಲ್ಕಕ್ಕೇ ಶುರು ಹಚ್ಕೊಳ್ಳೋದು ಅವನೇ. ಹೆಣ್ಣು ಹಾಗೆ ಹಾಡಲ್ಲ, ಕಿಕ್ ಕಿಕ್ ಕಿಕ್ ಅಂತ ಕಿರುಚತ್ತೆ, ನೋಡೋಕೆ ಗಂಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಪ್ರತಿ ವರ್ಷ ಮಾರ್ಚಿಂದ ಜೂನ್‌ವರೆಗೂ ಇದೊಂದು ಪ್ರಶ್ನೆ ಬರ್ತಾನೇ ಇರತ್ತೆ, ಗಿಡುಗನಾ, ಶಿಕ್ರಾ ಅನ್ನೋ ಸಣ್ಣ ಬೇಟೆ ಹಕ್ಕಿನಾ, ಹೊರದೇಶದ್ದಾ, ಒಬ್ರಂತೂ ಹೋದ ವರ್ಷ ಗೀಜಗದ ದೊಡ್ಡಣ್ಣನಾ ಅಂತ ಕೇಳಿದ್ರು, ಅದು ಮಾತ್ರ ನನಗೆ ತುಂಬ ಇಷ್ಟ ಆಯ್ತು.

ಎರಡು ನಿಮಿಷಕ್ಕೆ ಒಂದು ಆಕಳಿಕೆ ಎಮೋಜಿ ಬಂತು. ಆಮೇಲೆ ಒಬ್ರು "ಏಪ್ರಿಲ್ ಬಂತಲ್ಲ, ಶುರು" ಅಂದ್ರು, ಅದಕ್ಕೆ ನಗುವಿನ ಸಾಲು. ಆಮೇಲೆ ಅಡ್ಮಿನ್ನು ಬಂದು ಅದೇ ಉದ್ದದ ನಿಯಮಾವಳಿ ಅಂಟಿಸಿ, ಕೇಳೋ ಮೊದಲು ಗ್ರೂಪಲ್ಲಿ ಸರ್ಚ್ ಮಾಡಿ ಅಂದ್ರು. ಕೋಗಿಲೆ ಅಂತ ಮಾತ್ರ ಯಾರೂ ಬರೀಲಿಲ್ಲ! ಅಷ್ಟೆಲ್ಲ ಟೈಪ್ ಮಾಡೋ ಬದಲು ಒಂದು ಪದ ಒತ್ತಿದ್ರೆ ಮುಗೀತಿತ್ತು.

ಈ ಸರ್ಚ್ ಮಾಡಿ ಅನ್ನೋದೊಂದು ನನಗೆ ತಲೆಗೇ ಹೋಗಲ್ಲ. ವಾಟ್ಸಾಪ್ ಗ್ರೂಪಿಗೆ ಹೊಸದಾಗಿ ಸೇರಿದೋರಿಗೆ ಅವರು ಸೇರೋಕೆ ಮುಂಚಿನ ಒಂದು ಮೆಸೇಜೂ ತಾನಾಗೇ ಕಾಣ್ಸಲ್ಲ ಕಣ್ರೀ. ನಾವು ವರ್ಷಗಟ್ಟಲೆ ಮಾತಾಡಿದ್ದೆಲ್ಲ ನಮ್ಮ ಫೋನಲ್ಲಿದೆ, ಅವರ ಫೋನಲ್ಲಿರೋದು "ನಿಮ್ಮನ್ನು ಸೇರಿಸಲಾಗಿದೆ" ಅನ್ನೋದೊಂದೇ ಸಾಲು. ಅವರು ಏನನ್ನ ಹುಡುಕ್ತಾರೆ? ಹೋಗ್ಲಿ ಕಂಡ್ರೂ ಏನಂತ ಹುಡುಕ್ತಾರೆ, ಹೆಸರು ಗೊತ್ತಿದ್ರೆ ಕೇಳ್ತಾನೇ ಇರ್ಲಿಲ್ವಲ್ಲ. "ಕಂದು ಚುಕ್ಕೆ ಹಕ್ಕಿ" ಅಂತ ಹುಡುಕಿದ್ರೆ ಏನು ಸಿಗತ್ತೆ.

ಮತ್ತೆ ಕೋಳಿಮರಿ. ಆಯಮ್ಮ ಕೋಳಿಮರಿ ವಿಷಯ ಬರೆದಿದ್ರಲ್ಲ, ಅದನ್ನ ಒಬ್ರೂ ಓದ್ಲಿಲ್ಲ. ಫೋಟೋ ನೋಡಿದ ತಕ್ಷಣ ಓ ಅದೇ ಪ್ರಶ್ನೆ ಅಂತ ಎಲ್ಲರ ಕಣ್ಣೂ ಅಲ್ಲೇ ನಿಂತೋಯ್ತು. ಅವರಿಗೆ ಬೇಕಿದ್ದಿದ್ದು ಹೆಸರಲ್ಲ, ಮರಿಗಳನ್ನ ಬುಟ್ಟಿ ಕೆಳಗೆ ಮುಚ್ಚಬೇಕಾ ಬೇಡ್ವಾ ಅನ್ನೋದು. ನಾನು ಪ್ರೈವೇಟಾಗಿ ಬರೆದೆ, ಅದು ಹೆಣ್ಣು ಕೋಗಿಲೆ, ಹೆಚ್ಚಾಗಿ ಹಣ್ಣು ತಿನ್ನೋದು, ಸೀಬೆಹಣ್ಣಿಗೆ ಬಂದಿರತ್ತೆ, ಕೋಳಿಮರಿ ತಂಟೆಗೆ ಬರಲ್ಲ, ಮರದಲ್ಲಿ ಕಾಗೆ ಗೂಡಿದ್ರೆ ಮೊಟ್ಟೆ ಇಡೋಕೆ ಹೊಂಚು ಹಾಕ್ತಿರಬಹುದು ಅಂತ. ಸುಮ್ನೆ ಕುತೂಹಲಕ್ಕೆ ಕಣ್ಣು ಯಾವ ಬಣ್ಣ ಇತ್ತು ನೋಡಿದ್ರಾ ಅಂತಾನೂ ಕೇಳಿದೆ. "ಗೊತ್ತಿಲ್ಲ ಮೇಡಂ ಹಾರೋಯ್ತು, ಒಲೆ ಮೇಲೆ ಅನ್ನ ಇದೆ, ಥ್ಯಾಂಕ್ಸ್" ಅಂದ್ರು. ಸರಿ ಅಂದೆ. ಮಧ್ಯಾಹ್ನ ನೋಡ್ತೀನಿ, ಗ್ರೂಪ್ ಬಿಟ್ಟು ಹೋಗಿದಾರೆ.

ಅದಕ್ಕೇ ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದ್ದು. ಮೂವತ್ತು ವರ್ಷ ಹೈಸ್ಕೂಲಲ್ಲಿ ಜೀವಶಾಸ್ತ್ರ ಹೇಳಿಕೊಟ್ಟೋರು, ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಯಾವ ಮರದಲ್ಲಿ ಯಾವ ಗೂಡು ಅಂತ ಬಾಯಿಪಾಠ ಇರೋರು, ಅವರಾದ್ರೂ ನನ್ನ ಪರ ನಿಲ್ತಾರೆ ಅಂತ. "ಮೇಷ್ಟ್ರೇ, ಆ ಎಮೋಜಿ ಹಾಕಿದ್ದು ಯಾರು ನೋಡಿದ್ರಾ?" ಅಂದೆ. "ಹೂಂ, ನಾನೇ ಹಾಕಿದ್ದು" ಅಂದ್ರು. ನಂಬರ್ ಬದಲಾಯಿಸಿದಾರೆ, ನನಗೆ ಗೊತ್ತೇ ಇರ್ಲಿಲ್ಲ.

ನಕ್ಕೆ. ಅವರು ನಗಲಿಲ್ಲ. "ನೋಡಮ್ಮ, ಮೂವತ್ತು ವರ್ಷ ಅದೇ ಪಾಠ ಅದೇ ಪ್ರಶ್ನೆ, ಸಂಬಳ ತಗೊಂಡು ಹೇಳಿದೀನಿ. ಈಗ ಪುಕ್ಕಟೆ ಹೇಳೋ ತಾಳ್ಮೆ ಉಳಿದಿಲ್ಲ." ಆಮೇಲೆ ಸ್ವಲ್ಪ ತಡೆದು, "ಹೇಳೋದಕ್ಕೆ ಬೇಜಾರಿಲ್ಲ. ಹೆಸರು ಹೇಳಿದ ತಕ್ಷಣ ಅವರು ನೋಡೋದು ನಿಲ್ಸ್ತಾರಲ್ಲ, ಅದು ನನಗೆ ಆಗಲ್ಲ. ಕೋಗಿಲೆ ಅಂದೆ ಅಂತಿಟ್ಕೊ, ಥ್ಯಾಂಕ್ಯೂ ಅಂತಾರೆ, ಫೋಟೋ ಸ್ಟೇಟಸ್ಸಿಗೆ ಹಾಕ್ತಾರೆ, ಮುಗೀತು. ಕೊಕ್ಕು ಹೇಗಿತ್ತು, ಕಾಲು ಹೇಗಿತ್ತು, ಗಿಡುಗದ ಕೊಕ್ಕು ಕೊಕ್ಕೆ ಥರ ಬಗ್ಗಿರತ್ತೆ ಇದರದ್ದು ಯಾಕಿಲ್ಲ, ಏನೂ ಇಲ್ಲ. ಮುಂದಿನ ವಾರ ಅದೇ ಹಕ್ಕಿ ಬೇರೆ ಕೊಂಬೆ ಮೇಲೆ ಕೂತ್ರೆ ಮತ್ತೆ ಕೇಳ್ತಾರೆ."

ನಾನಂದೆ, ಹಾಗಾದ್ರೆ ಹೆಸರು ಹೇಳಬೇಡಿ, ಕೊಕ್ಕು ನೋಡಿ ಅಂತ ಹೇಳಿ. "ಹೇಳಿ ನೋಡಿದೀನಮ್ಮ, ಪರೀಕ್ಷೆ ಮಾಡ್ತಾರೆ ಅಂತ ಕೋಪ ಮಾಡ್ಕೋತಾರೆ." ಅದು ನಿಜ. ನಾನು ಇವತ್ತು ಕಣ್ಣಿನ ಬಣ್ಣ ಕೇಳಿದ್ದಕ್ಕೆ ಸಿಕ್ಕಿದ್ದು ಅನ್ನದ ಒಲೆ.

ನನ್ನ ಹತ್ರ ಒಂದು ಬಾಣ ಇತ್ತು, ಬಿಟ್ಟೆ. ದೊಡ್ಡ ಪಕ್ಷಿತಜ್ಞ ಸಲೀಂ ಅಲಿ ಅವರ ಬಾಲ್ಯದ ಕತೆ. ಹತ್ತು ಹನ್ನೆರಡು ವರ್ಷದ ಹುಡುಗ ಏರ್‌ಗನ್‌ನಲ್ಲಿ ಹೊಡೆದ ಗುಬ್ಬಿಯ ಕತ್ತಿನ ಹತ್ರ ಹಳದಿ ಮಚ್ಚೆ ಇತ್ತು, ಇದು ಯಾವ ಹಕ್ಕಿ ಅಂತ ಕೇಳೋಕೆ ಮಾವ ಅವನನ್ನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದ್ರು, ಅಲ್ಲಿ ಕಾರ್ಯದರ್ಶಿ ಆಗಿದ್ದ ಮಿಲ್ಲಾರ್ಡ್ ಹಳದಿ ಕತ್ತಿನ ಗುಬ್ಬಿ ಅಂತ ಹೇಳಿ ಸುಮ್ನಾಗ್ಲಿಲ್ಲ, ಡ್ರಾಯರ್ ಒಂದೊಂದೇ ಎಳೆದು ಅಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದ್ರು, ಓದೋಕೆ ಪುಸ್ತಕ ಕೊಟ್ರು. ಆವತ್ತು ಮಿಲ್ಲಾರ್ಡ್ ಆಕಳಿಸಿದ್ರೆ ಏನಾಗ್ತಿತ್ತು ಮೇಷ್ಟ್ರೇ ಅಂದೆ.

"ಮಿಲ್ಲಾರ್ಡ್ ಹತ್ರ ಒಬ್ಬ ಹುಡುಗ ಬಂದಿದ್ದ, ಹಕ್ಕೀನ ಕೈಯಲ್ಲಿ ಹಿಡ್ಕೊಂಡು. ದಿನಾ ಬೆಳಗಾದ್ರೆ ಅವನ ಫೋನಿಗೆ ಐವತ್ತು ಮಸುಕು ಫೋಟೋ ಬಂದಿದ್ರೆ ನೋಡಬೇಕಿತ್ತು" ಅಂದ್ರು. ನನಗೆ ತಿರುಗಿ ಹೇಳೋಕೆ ಏನೂ ಹೊಳೀಲಿಲ್ಲ, ಈಗಲೂ ಹೊಳೀತಿಲ್ಲ. ಅವರು ಹೇಳಿದ್ರಲ್ಲಿ ಅರ್ಧ ಸರಿ ಇದೆ.

ಆದ್ರೆ ಇನ್ನರ್ಧ ಇದೆಯಲ್ಲ. ಚಳಿಗಾಲದಲ್ಲಿ ಯಾರೋ ಲಿಂಗಾಂಬುಧಿ ಕೆರೆ ಹತ್ರ ತೆಗೆದ ಒಂದು ವಾರ್ಬ್ಲರ್ ಫೋಟೋ ಹಾಕಿದ್ರು, ಒಂದರ ಥರಾನೇ ಇನ್ನೊಂದು ಕಾಣೋ ಪುಟ್ಟ ಹಕ್ಕಿಗಳು ಇವು, ಅದೂ ಮಸುಕೇ. ಹಸಿರು ಬೆನ್ನು, ರೆಕ್ಕೆ ಮೇಲೆ ಪಟ್ಟಿ ಒಂದಾ ಎರಡಾ ಅಂತ ರಾತ್ರಿ ಒಂದು ಗಂಟೆ ತನಕ ಇದೇ ಜನ, ಇದೇ ಮೇಷ್ಟ್ರು, ಗುದ್ದಾಡಿದ್ರು. ಅವತ್ತು ಯಾರಿಗೂ ಸುಸ್ತಾಗ್ಲಿಲ್ಲ, ಯಾರೂ ಜಾಗ ಹೇಳಿಲ್ಲ ಟೈಮ್ ಹೇಳಿಲ್ಲ ಅಂತ ನಿಯಮ ಅಂಟಿಸ್ಲಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಿದೋನು ಜಾಣ ಅನಿಸ್ಕೋತಾನೆ. ಹೆಣ್ಣು ಕೋಗಿಲೆ ಅಂತ ಹೇಳಿದ್ರೆ ಯಾರೂ ಹಾಗನ್ನಲ್ಲ, ಅಡುಗೆ ಮಾಡೋರನ್ನ ಅನ್ನ ಚೆನ್ನಾಗಿ ಬೇಯಿಸಿದೀರ ಅಂತ ಹೊಗಳ್ತಾರಾ. ತಾಳ್ಮೆ ಇಲ್ಲ ಅನ್ನೋದು ಪೂರ್ತಿ ಸುಳ್ಳು. ಬೇಕಾದಷ್ಟಿದೆ, ನಮಗೆ ಬೇಕಾದ ಕಡೆ ಖರ್ಚು ಮಾಡ್ತೀವಿ ಅಷ್ಟೇ. ಇದನ್ನ ಮೇಷ್ಟ್ರಿಗೆ ಹೇಳ್ಲಿಲ್ಲ, ಇಲ್ಲಿ ಬರೀತಿದೀನಿ, ಅವರು ಇದನ್ನ ಓದ್ತಾರೆ ಅಂತ ಗೊತ್ತಿದ್ದೂ.

ಸೊಳ್ಳೆ. ಬತ್ತಿ ಹಚ್ಚಿ ಬಂದೆ.

ಏನು ಹೇಳ್ತಿದ್ದೆ? ಹಾಂ, ಆ್ಯಪ್. ಈಗ ಹೆಸರಿಗೋಸ್ಕರ ಯಾರೂ ನಮ್ಮನ್ನ ಕೇಳಬೇಕಾಗೇ ಇಲ್ಲ ಅಂತ ಅಡ್ಮಿನ್ ವಾದ. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯೋರ ಮರ್ಲಿನ್ ಆ್ಯಪ್ ಇದೆ, ಪುಕ್ಕಟೆ, ಫೋಟೋ ಕೊಟ್ರೆ ಹೆಸರು ಹೇಳತ್ತೆ, ದನಿ ಕೇಳಿಸಿದ್ರೂ ಹೇಳತ್ತೆ. ಸರಿ ಒಪ್ಪಿದೆ. ಹಾಗಿದ್ರೂ ಕೇಳ್ತಾರಲ್ಲ, ಅದರ ಅರ್ಥ ಏನು? ನನಗನ್ಸೋದು ಅವರಲ್ಲಿ ಎಷ್ಟೋ ಜನ ಕೇಳ್ತಾನೇ ಇಲ್ಲ, ತೋರಿಸ್ತಿದಾರೆ. ನೋಡಿ ನಮ್ಮನೆ ಹಿತ್ತಲಿಗೆ ಯಾರು ಬಂದಿದಾರೆ ಅಂತ. ಪಕ್ಕದ ಬೀದಿ ಆಂಟಿ ಕೆಂಬೂತದ ಫೋಟೋ ತೋರಿಸಿ "ಇದೇನೇ ರತ್ನಪಕ್ಷಿ?" ಅಂದಾಗ ಅದು ರತ್ನಪಕ್ಷಿ ಅಂತ ಅವರಿಗೆ ಚೆನ್ನಾಗೇ ಗೊತ್ತಿರತ್ತೆ, ನೋಡಿದ್ರೆ ಒಳ್ಳೇದಾಗತ್ತೆ ಅಂತಾನೂ ಗೊತ್ತಿರತ್ತೆ, ಅವರಿಗೆ ಬೇಕಿರೋದು ನಾನು "ಅಯ್ಯೋ ಎಲ್ಲಿ ಕಂಡ್ತು ಆಂಟಿ!" ಅನ್ನೋದು. ಮರ್ಲಿನ್ ಹಾಗನ್ನಲ್ಲ. ಟುಕ್ ಟುಕ್ ಟುಕ್ ಅಂತ ಯಾವುದೋ ಮೆಷಿನ್ ಸದ್ದು ಬರ್ತಿದೆ ಅಂತ ವಾಯ್ಸ್ ನೋಟ್ ಕಳಿಸಿ, ಅದು ಹಕ್ಕಿ ಕಣ್ರೀ, ಕಂಚುಗಾರ ಹಕ್ಕಿ, ಅಂಗೈಯಷ್ಟಿದೆ ಅಂದಾಗ ಬರೋ "ಏನ್!!" ಇದೆಯಲ್ಲ, ನಾನು ಆ ಗ್ರೂಪಲ್ಲಿ ಇರೋದೇ ಅದಕ್ಕೆ ಅಂತ ಹೇಳಬಹುದು. ಮಿಂಚುಳ್ಳಿ ಫೋಟೋ ಹಾಕಿ ನಮ್ಮ ರಾಜ್ಯಪಕ್ಷಿ ನೀಲಕಂಠ ಸಿಕ್ತು ಅಂತ ಸಂಭ್ರಮ ಪಡೋರಿಗೆ ಮಾತ್ರ ಹೇಗೆ ಹೇಳೋದು ಅಂತ ಪ್ರತಿ ಸಲ ಕಷ್ಟ ಆಗತ್ತೆ.

ಇನ್ನೊಂದು ಇದೆ, ಇದು ಸ್ವಲ್ಪ ಸೀರಿಯಸ್. ಇನ್ನೇನು ಮೇ ಬರತ್ತೆ, ಮರಿ ಬಿದ್ದಿದೆ ಏನು ಮಾಡೋದು ಅನ್ನೋ ಮೆಸೇಜ್‌ಗಳು ಶುರುವಾಗತ್ತೆ, ಹೆಚ್ಚಾಗಿ ರಾತ್ರಿ ಹೊತ್ತು, ಅದೂ ವರ್ಷ ವರ್ಷದ ಪ್ರಶ್ನೆನೇ. ಉತ್ತರಾನೂ ಅದೇ. ಪುಕ್ಕ ಬಂದು ಕುಪ್ಪಳಿಸ್ತಾ ಇದ್ರೆ ಅದು ಹಾರೋಕೆ ಕಲೀತಿರೋ ಮರಿ, ಅಪ್ಪ ಅಮ್ಮ ಅಲ್ಲೇ ಹತ್ರದಲ್ಲಿರ್ತಾರೆ, ಬೆಕ್ಕು ನಾಯಿ ಬರದ ಹಾಗೆ ನೋಡ್ಕೊಂಡು ಬಿಟ್ಬಿಡಿ, ಬೇಕಿದ್ರೆ ಗಿಡದ ಮೇಲೆ ಕೂರ್ಸಿ. ಪುಕ್ಕ ಇಲ್ಲದ ಬೆತ್ತಲೆ ಮರಿ ಆದ್ರೆ ಗೂಡು ಹುಡುಕಿ ವಾಪಸ್ ಇಡಿ, ಮನುಷ್ಯರು ಮುಟ್ಟಿದ್ರೆ ತಾಯಿ ಬಿಟ್ಟುಬಿಡತ್ತೆ ಅನ್ನೋದು ಸುಳ್ಳು. ಬಾಯಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯತ್ತೆ. ಹಾಲು ಬೇಡ, ಬ್ರೆಡ್ ಬೇಡ. ಇಷ್ಟು ಹೇಳೋಕೆ ಒಂದು ನಿಮಿಷ ಸಾಕು. ಆಕಳಿಕೆ ಎಮೋಜಿ ನೋಡಿ ಹೆದರಿ ಕೇಳದೇ ಇದ್ದೋರು ಏನು ಮಾಡ್ತಾರೆ, ಇಂಕ್ ಫಿಲ್ಲರಲ್ಲಿ ಹಾಲು ಬಿಡ್ತಾರೆ. ಒಳ್ಳೆ ಮನಸ್ಸಲ್ಲೇ ಬಿಡ್ತಾರೆ.

ನಾಳೆ ಎರಡನೇ ಭಾನುವಾರ. ತಮ್ಮ ಲಾಲ್‌ಬಾಗಿಗೆ ಹೋಗ್ತಾನೆ, ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್‌ನೋರು 1972ರಲ್ಲಿ ಶುರು ಮಾಡಿದ್ದು, ಎರಡನೇ ಭಾನುವಾರ ಅಂದ್ರೆ ಲಾಲ್‌ಬಾಗ್, ಯಾರು ಬೇಕಾದ್ರೂ ಹೋಗಬಹುದು. ಅವನು ಹೇಳ್ತಿದ್ದ, ಅಲ್ಲೂ ಹೊಸಬ್ರು ಕೇಳೋದು ಇದೇ ಪ್ರಶ್ನೆಗಳನ್ನೇ ಅಂತೆ, ಅದು ಹದ್ದಾ ಗರುಡನಾ, ಕೊಕ್ಕರೆನಾ ಬೆಳ್ಳಕ್ಕಿನಾ. ಆದ್ರೆ ಅಲ್ಲಿ ಯಾರೂ ರೇಗಲ್ಲ. ಕೇಳಿದೋರು ಪಕ್ಕದಲ್ಲೇ ನಿಂತಿರ್ತಾರೆ, ಬೈನಾಕ್ಯುಲರ್ ಕೊಟ್ಟು ಆ ಬಾಲ ನೋಡಿ, ಕವಲೊಡೆದಿದೆಯಾ ದುಂಡಗಿದೆಯಾ ಅಂದ್ರೆ ಆಯ್ತು, ಹಕ್ಕಿ ಇನ್ನೂ ಅಲ್ಲೇ ಇರತ್ತೆ. ಮೇಷ್ಟ್ರೂ ಕೆರೆ ಹತ್ರ ಹಾಗೇನೇ, ಪರಿಚಯ ಇಲ್ಲದ ಹುಡುಗರನ್ನೂ ನಿಲ್ಲಿಸ್ಕೊಂಡು ಅರ್ಧ ಗಂಟೆ ಹೆಜ್ಜಾರ್ಲೆ, ಅಂದ್ರೆ ಪೆಲಿಕನ್, ತೋರಿಸ್ತಾರೆ, ಕೊಕ್ಕಿನ ಕೆಳಗಿನ ಚೀಲ ನೋಡು ಅಂತ. ಫೋನ್ ಕೈಗೆ ಬಂದ್ರೆ ಬೇರೆ ಮನುಷ್ಯ.

ಈಗ ಅಡ್ಮಿನ್ ಒಂದು ಪೋಲ್ ಹಾಕಿದಾರೆ, ಹೊಸಬರಿಗೆ ಬೇರೆ ಗ್ರೂಪ್ ಮಾಡೋಣವಾ, ಇಲ್ಲಿ ಬರೀ ಅನುಭವಿಗಳು ಇರೋಣವಾ ಅಂತ. ಹೌದು ಅನ್ನೋದಕ್ಕೆ ಆಗಲೇ ತುಂಬ ಬಿದ್ದಿದೆ, ಮೇಷ್ಟ್ರದ್ದೂ. ನಾಳೆ ಸಂಜೆ ತನಕ ಟೈಮ್ ಇದೆ. ನಾನು ಇನ್ನೂ ಒತ್ತಿಲ್ಲ. ಆ ಹೊಸ ಗ್ರೂಪಲ್ಲಿ ಕೇಳೋರು ಮಾತ್ರ ಇರ್ತಾರೆ ಅಂದಮೇಲೆ ಹೇಳೋರು ಯಾರು ಅಂತ ಕೇಳೋಣ ಅಂತಿದೀನಿ, ಕೇಳಿದ್ರೆ ನೀವೇ ಇರಿ ಮೇಡಂ ಅಂತಾರೆ, ಅದು ಗ್ಯಾರಂಟಿ, ಇದ್ರೆ ನನಗೇನೋ ಬೇಜಾರಿಲ್ಲ ಆದ್ರೆ ಒಬ್ಬಳೇ ಎಷ್ಟು ಅಂತ, ನನಗೆ ಆ ವಾರ್ಬ್ಲರ್‌ಗಳೆಲ್ಲ ಅಷ್ಟಾಗಿ ಬರಲ್ಲ ಬೇರೆ, ಯಾರಾದ್ರೂ ಅಲ್ಲಿ ಅಂಥದ್ದೊಂದು ಹಾಕಿದ್ರೆ ಮತ್ತೆ ಮೇಷ್ಟ್ರಿಗೇ